ಚೀನೀ ಭಾಷಿಕರಿಗೆ ‘ಓಪನ್’ ಪದ ಹೇಳಿಕೊಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೆಲವು ವರ್ಷಗಳಿಂದ ಆನ್‌ಲೈನ್‌ನಲ್ಲಿ ಚೀನೀ ಭಾಷಿಕರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಇದೇ ಕೆಲಸಕ್ಕೆ ಇಳಿದಿರುವ ಕನ್ನಡದ ಗೆಳೆಯರು ಆಗಾಗ ಪ್ರಶ್ನೆ ಕಳಿಸುತ್ತಾರೆ. ಕಷ್ಟದ ಪದಗಳ ಬಗ್ಗೆ ಕೇಳುವವರು ಕಡಿಮೆ. ‘ಓಪನ್’ ತರಹದ ದಿನಬಳಕೆಯ ಪದಗಳ ಬಗ್ಗೆಯೇ ಜಾಸ್ತಿ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ.

ಓದುವ ಮೊದಲು ಒಂದು ಮಾತು. ಚೀನಾದ ಮುಖ್ಯ ಭಾಷೆಯಾದ ಮ್ಯಾಂಡರಿನ್‌ನ ಪದಗಳನ್ನು ಕನ್ನಡದಲ್ಲಿ ಬರೆಯುವಾಗ ಅಲ್ಪಪ್ರಾಣ, ಮಹಾಪ್ರಾಣ ನೋಡಿ ಬರೆದಿದ್ದೇನೆ. ಆ ಭಾಷೆಯಲ್ಲಿ ಕ ಬೇರೆ, ಖ ಬೇರೆ. ಉಸಿರು ಬಿಟ್ಟು ‘ಖಾಯ್’ ಎಂದರೆ ತೆರೆ. ಉಸಿರಿಲ್ಲದೆ ‘ಕಾಯ್’ ಎಂದರೆ, ಸ್ವರದ ಏರಿಳಿತ ನೋಡಿಕೊಂಡು, ಮುಚ್ಚು ಎಂದೂ ಆಗಬಹುದು. ಈ ವ್ಯತ್ಯಾಸ ಬರೆದು ತೋರಿಸಲು ನಮ್ಮ ಲಿಪಿಯಲ್ಲಿ ಅಕ್ಷರಗಳು ಸಿದ್ಧವಾಗಿಯೇ ಇವೆ. ಇದು ನಮಗೊಂದು ಅನುಕೂಲ.

ನನ್ನ ವಿದ್ಯಾರ್ಥಿನಿ ‘ಓಪನ್ ದ ಲೈಟ್’ ಅನ್ನುತ್ತಾಳೆ. ಎಷ್ಟು ತಿದ್ದಿದರೂ ಮತ್ತೆ ಅದೇ. ಯಾಕೆ ಹೀಗೆ?

ಅವಳ ಭಾಷೆಯಲ್ಲಿ ದೀಪವನ್ನು ತೆರೆಯುತ್ತಾರೆ. ‘ಖಾಯ್ ತಂಗ್’ ಎಂದರೆ ಲೈಟ್ ಹಾಕು. ಪದಕ್ಕೆ ಪದ ಇಟ್ಟರೆ ‘ತೆರೆ, ದೀಪ’. ಆರಿಸುವುದಕ್ಕೆ ‘ಕ್ವಾನ್ ತಂಗ್’, ಅಂದರೆ ದೀಪ ಮುಚ್ಚು. ಗೋಡೆಯ ಮೇಲಿನ ಸ್ವಿಚ್ಚಿಗೆ ಅವರ ಹೆಸರೇ ‘ಖಾಯ್ ಕ್ವಾನ್’, ತೆರೆ-ಮುಚ್ಚು. ಹುಟ್ಟಿದಾಗಿನಿಂದ ಸ್ವಿಚ್ಚನ್ನೇ ತೆರೆ-ಮುಚ್ಚು ಎಂದು ಕರೆದವಳಿಗೆ ‘ಓಪನ್ ದ ಲೈಟ್’ ಸರಿಯಾಗಿಯೇ ಕೇಳಿಸುತ್ತದೆ.

ಈಗ ನಮ್ಮನ್ನೇ ನೋಡಿಕೊಳ್ಳೋಣ. ಕನ್ನಡದಲ್ಲಿ ‘ಬಾಗಿಲು ಹಾಕು’ ಎಂದರೆ ಮುಚ್ಚಬೇಕು. ‘ಲೈಟ್ ಹಾಕು’ ಎಂದರೆ ಹೊತ್ತಿಸಬೇಕು. ಒಂದೇ ‘ಹಾಕು’, ಒಂದು ಕಡೆ ಮುಚ್ಚುತ್ತದೆ, ಇನ್ನೊಂದು ಕಡೆ ಬೆಳಗಿಸುತ್ತದೆ. ಕನ್ನಡ ಕಲಿಯುವ ಚೀನೀ ಹುಡುಗಿಗೆ ಇದು ಎಷ್ಟು ವಿಚಿತ್ರ ಅನ್ನಿಸಬಹುದು ಅಲ್ವಾ? ನಮಗೆ ಯಾರೂ ಇದನ್ನು ನಿಯಮ ಮಾಡಿ ಹೇಳಿಕೊಟ್ಟಿಲ್ಲ. ಬಾಗಿಲಿನ ಜೊತೆ ‘ಹಾಕು’ ಕೇಳಿ ಕೇಳಿ ಒಂದು ಅರ್ಥ ಬಂತು, ಲೈಟಿನ ಜೊತೆ ಕೇಳಿ ಕೇಳಿ ಇನ್ನೊಂದು ಬಂತು. ಅವಳಿಗೂ ಹಾಗೇ ಬರಬೇಕು. ಆದ್ದರಿಂದ ‘ಓಪನ್ ತಪ್ಪು’ ಎಂದು ನಿಲ್ಲಿಸಬೇಡಿ. ‘ಟರ್ನ್ ಆನ್ ದ ಲೈಟ್’ ಇಡೀ ತುಂಡನ್ನು ಒಂದೇ ಪದ ಎಂಬಂತೆ ಬಾಯಿಗೆ ಕೊಡಿ.

ಖಾಯ್ ಎಂದರೆ ಸರಿಯಾಗಿ ಏನು? ಕನ್ನಡದಲ್ಲಿ ಅದಕ್ಕೆ ಸಮನಾದ ಪದ ಇದೆಯಾ?

ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಳೆಯ ರೂಪದ ಖಾಯ್ ಅಕ್ಷರದಲ್ಲಿ ಎರಡು ಕದದ ಬಾಗಿಲಿನ ಚಿತ್ರ ಇದೆ. ಬಾಗಿಲಿನ ಒಳಗೆ ಒಂದು ಅಗುಳಿ, ಅದನ್ನು ತೆಗೆಯುತ್ತಿರುವ ಎರಡು ಕೈ. ಚೀನಾ ಸರಕಾರ 1956ರಲ್ಲಿ ಅಕ್ಷರಗಳನ್ನು ಸರಳ ಮಾಡುವ ಯೋಜನೆ ಪ್ರಕಟಿಸಿತು. ಇಂದಿನ ಸರಳ ರೂಪದಲ್ಲಿ ಬಾಗಿಲೇ ಹೋಗಿದೆ, ಅಗುಳಿ ಮತ್ತು ಕೈ ಮಾತ್ರ ಉಳಿದಿವೆ. ತೈವಾನ್ ಮತ್ತು ಹಾಂಗ್‌ಕಾಂಗ್‌ನಲ್ಲಿ ಇವತ್ತಿಗೂ ಬಾಗಿಲು ಇರುವ ರೂಪವನ್ನೇ ಬರೆಯುತ್ತಾರೆ.

ಬಾಗಿಲು ಹೋದದ್ದು ಒಂದು ರೀತಿಯಲ್ಲಿ ಸರಿಯೇ. ಯಾಕೆಂದರೆ ಖಾಯ್ ಬಾಗಿಲನ್ನು ದಾಟಿ ತುಂಬಾ ದೂರ ಹೋಗಿದೆ. ಹೂ ಅರಳುವುದು ‘ಖಾಯ್ ಹ್ವಾ’. ಬಸ್ಸು ಹೊರಡುವುದು ‘ಖಾಯ್ ಛ’, ಕಾರು ಓಡಿಸುವುದೂ ಅದೇ. ಗುಂಡು ಹಾರಿಸುವುದಕ್ಕೂ ಖಾಯ್, ನಲ್ಲಿ ತಿರುಗಿಸುವುದಕ್ಕೂ ಖಾಯ್. ನಲ್ಲಿಗೆ ಅವರು ‘ಶ್ವೇ ಲುಂಗ್ ಥೌ’ ಎನ್ನುತ್ತಾರೆ. ನೀರಿನ ಡ್ರ್ಯಾಗನ್ ತಲೆ ಎಂದು ಅರ್ಥ. ಊರು ಬಿಟ್ಟು ಹೋಗುವುದು ‘ಲೀ ಖಾಯ್’. ಮನಸ್ಸಿಗೆ ಹಚ್ಚಿಕೊಂಡದ್ದನ್ನು ಬಿಟ್ಟು ಹಗುರಾಗುವುದು ‘ಶ್ಯಾಂಗ್ ಖಾಯ್’.

ಇದಕ್ಕೆ ಕನ್ನಡದಲ್ಲಿ ‘ತೆರೆ’ ಹುಡುಕಿದರೆ ಅರ್ಧ ದಾರಿಯೂ ಹೋಗುವುದಿಲ್ಲ. ‘ಬಿಡು’ ಇಟ್ಟು ನೋಡಿ. ಕಣ್ಣು ಬಿಡು. ಗಿಡ ಹೂ ಬಿಟ್ಟಿದೆ. ಬಸ್ಸು ಬಿಟ್ಟಿತು. ನಲ್ಲಿ ಬಿಡು. ಬಾಣ ಬಿಡು. ಊರು ಬಿಟ್ಟ. ಅದನ್ನೆಲ್ಲ ಬಿಟ್ಟುಬಿಡು ಮಾರಾಯ, ಮನಸ್ಸಿಗೆ ಹಚ್ಕೋಬೇಡ. ಹೆಚ್ಚುಕಡಿಮೆ ಎಲ್ಲವೂ ಖಾಯ್ ಇರುವ ಜಾಗದಲ್ಲೇ ಕೂರುತ್ತವೆ! ತಡೆದು ನಿಂತದ್ದು ಸಡಿಲವಾಗಿ ಹೊರಗೆ ಬರುವುದು ಅಥವಾ ದೂರ ಆಗುವುದು, ಎರಡೂ ಪದಗಳ ಒಳಗೆ ಇದೇ ಇದೆ. ಎರಡು ಭಾಷೆಗಳ ನಡುವೆ ಯಾವ ನೆಂಟಸ್ತಿಕೆಯೂ ಇಲ್ಲ, ಆದರೂ ಇಷ್ಟು ಹತ್ತಿರ ಬಂದಿವೆ. ಪೂರ್ತಿ ಸಮ ಅಲ್ಲ, ಅದು ನೆನಪಿರಲಿ. ‘ಅಂಗಡಿ ಬಿಟ್ಟ’ ಎಂದರೆ ನಮಗೆ ವ್ಯಾಪಾರ ನಿಲ್ಲಿಸಿದ ಎಂದು. ಅವರ ‘ಖಾಯ್ ತ್ಯೆನ್’ ಅಂಗಡಿ ಇಡುವುದು, ತದ್ವಿರುದ್ಧ.

‘ಬಿಡು’ ಪದವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ವಿದ್ಯಾರ್ಥಿ ಯಾವ ತಪ್ಪು ಮಾಡಬಹುದು ಎಂದು ಮೊದಲೇ ಗೊತ್ತಾಗುತ್ತದೆ. ಬರೀ ಇಂಗ್ಲಿಷ್ ಮಾತ್ರ ಬಲ್ಲ ಶಿಕ್ಷಕರಿಗೆ ಈ ದಾರಿ ಇಲ್ಲ.

ಹಾಗಾದರೆ ‘ಓಪನ್’ ಎಲ್ಲಿ, ‘ಟರ್ನ್ ಆನ್’ ಎಲ್ಲಿ? ಒಂದು ಸುಲಭ ಗುರುತು ಹೇಳಿ.

ಒಳಗು-ಹೊರಗು ಇರುವ ವಸ್ತುವಿಗೆ ‘ಓಪನ್’. ಬಾಗಿಲು, ಕಿಟಕಿ, ಡಬ್ಬಿ, ಪುಸ್ತಕ, ಬಾಯಿ, ಕೊಡೆ. ವಿದ್ಯುತ್, ನೀರು ಅಥವಾ ಗ್ಯಾಸ್ ಹರಿದು ಕೆಲಸ ಮಾಡುವುದಕ್ಕೆ ‘ಟರ್ನ್ ಆನ್’. ಲೈಟ್, ಫ್ಯಾನ್, ಟಿವಿ, ಒಲೆ, ನಲ್ಲಿ. ವಾಲ್ವ್ ಮಾತ್ರ ಈ ಗುರುತಿಗೆ ಸಿಗುವುದಿಲ್ಲ. ಅದರಲ್ಲಿ ನೀರು ಹರಿದರೂ ‘ಓಪನ್ ದ ವಾಲ್ವ್’ ಎಂಬುದೇ ಸರಿ.

ಫೋನಿನಲ್ಲಿ ಎರಡೂ ಬರುತ್ತವೆ. ಫೋನನ್ನು ‘ಟರ್ನ್ ಆನ್’ ಮಾಡುತ್ತೇವೆ. ಅದರೊಳಗಿನ ಆ್ಯಪನ್ನು, ಫೈಲನ್ನು ‘ಓಪನ್’ ಮಾಡುತ್ತೇವೆ. ‘ಓಪನ್ ದ ಟಿವಿ’ ಎಂದರೆ ರಿಪೇರಿಯವನು ಸ್ಕ್ರೂ ಬಿಚ್ಚುವ ಚಿತ್ರ ಕಣ್ಣಿಗೆ ಬರುತ್ತದೆ.

‘ಟರ್ನ್’ ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಗ್ಯಾಸ್ ದೀಪದ ಕಾಲದಲ್ಲಿ ಕೀಲಿ ತಿರುಗಿಸಿ ಗ್ಯಾಸ್ ಬಿಡಬೇಕಿತ್ತು. ಮೊದಮೊದಲ ವಿದ್ಯುತ್ ಸ್ವಿಚ್ಚುಗಳಲ್ಲೂ ತಿರುಗಿಸುವಂಥವು ಇದ್ದವು. ಈಗ ಲೈಟಿನ ಸ್ವಿಚ್ಚನ್ನು ಸಾಮಾನ್ಯವಾಗಿ ಯಾರೂ ತಿರುಗಿಸುವುದಿಲ್ಲ, ಪದ ಮಾತ್ರ ಉಳಿಯಿತು. ಚೀನಿಯರೂ ಹಿಂದೆ ಎಣ್ಣೆದೀಪಕ್ಕೆ ‘ತ್ಯೆನ್ ತಂಗ್’ ಎನ್ನುತ್ತಿದ್ದರು, ನಮ್ಮ ‘ದೀಪ ಹಚ್ಚು’ ಇದ್ದಂತೆ. ಕರೆಂಟು ಬಂದ ಮೇಲೆ ಅವರು ದೀಪ ತೆರೆದರು, ಇಂಗ್ಲಿಷಿನವರು ತಿರುಗಿಸಿದರು, ನಾವು ಹಾಕಿದೆವು. ದೇವರ ದೀಪಕ್ಕೆ ಮಾತ್ರ ನಮ್ಮ ಮನೆಗಳಲ್ಲಿ ‘ಆರಿಸು’ ಎನ್ನದೆ ಇವತ್ತಿಗೂ ‘ದೊಡ್ಡದು ಮಾಡು’ ಅನ್ನುತ್ತಾರೆ.

ನನ್ನ ವಿದ್ಯಾರ್ಥಿ ಎಲೆಕ್ಟ್ರಿಕಲ್ ಎಂಜಿನಿಯರ್. ಅವನಿಗೆ ಬೇರೆ ಏನಾದರೂ ಹೇಳಬೇಕಾ?

ಖಂಡಿತ ಹೇಳಬೇಕು. ಇದು ಜೀವಕ್ಕೆ ಸಂಬಂಧಿಸಿದ ಮಾತು. ವಿದ್ಯುತ್ ಕೆಲಸದ ಇಂಗ್ಲಿಷಿನಲ್ಲಿ ‘ಓಪನ್ ದ ಸ್ವಿಚ್’ ಎಂದರೆ ಆಫ್ ಮಾಡು. ಒಳಗಿನ ಎರಡು ಲೋಹದ ತುದಿ ದೂರ ಸರಿಯುತ್ತವೆ, ದಾರಿ ಕಡಿಯುತ್ತದೆ, ಕರೆಂಟು ನಿಲ್ಲುತ್ತದೆ. ‘ಕ್ಲೋಸ್’ ಮಾಡಿದರೆ ಕರೆಂಟು ಹರಿಯುತ್ತದೆ. ಮನೆಯಲ್ಲಿ ‘ಓಪನ್ ದ ಲೈಟ್’ ಎಂದವನು ಹೇಳಹೊರಟಿದ್ದಕ್ಕೆ ಪೂರಾ ಉಲ್ಟಾ.

ಚೀನೀ ಎಂಜಿನಿಯರಿಂಗ್ ಪುಸ್ತಕಗಳಲ್ಲೂ ಕಡಿದ ಸರ್ಕಿಟ್ಟಿಗೆ ‘ಖಾಯ್ ಲೂ’, ತೆರೆದ ದಾರಿ ಎನ್ನುತ್ತಾರೆ. ಅಂದರೆ ಅವನ ಭಾಷೆಯಲ್ಲೇ ಮನೆಯ ಖಾಯ್ ಮತ್ತು ಪ್ರಯೋಗಶಾಲೆಯ ಖಾಯ್ ಎದುರುಬದುರು ನಿಂತಿವೆ. ಅದನ್ನೇ ನೆನಪಿಸಿ, ಬೇಗ ಹಿಡಿಯುತ್ತಾನೆ. ಜೊತೆಗೆ, ಕೆಲಸದ ಜಾಗದಲ್ಲಿ ಸುಮ್ನೆ ‘ಓಪನ್’ ಎನ್ನದೆ ‘ಸ್ವಿಚ್ ಆಫ್’ ಎಂದು ಸ್ಪಷ್ಟವಾಗಿ ಹೇಳುವ ಅಭ್ಯಾಸ ಮಾಡಿಸಿ.

ಸಿಂಗಪುರದಲ್ಲಿ ಎಲ್ಲರೂ ‘ಓಪನ್ ದ ಲೈಟ್’ ಅನ್ನುತ್ತಾರಂತೆ. ಹಾಗಾದರೆ ಅದು ತಪ್ಪು ಹೇಗೆ?

ಎಲ್ಲರೂ ಅಲ್ಲ, ಆದರೆ ಸಿಂಗಪುರದ ಮನೆಮಾತಿನ ಇಂಗ್ಲಿಷಿನಲ್ಲಿ ಅದು ಕೇಳಿಬರುವುದು ನಿಜ. ಫಿಲಿಪ್ಪೀನ್ಸ್‌ನಲ್ಲೂ ಇದೆ. ಗ್ರೀಕ್ ಭಾಷೆಯಲ್ಲಿ ಲೈಟನ್ನು ತೆರೆಯುತ್ತಾರೆ. ಕೆನಡಾದ ಕ್ವಿಬೆಕ್‌ನ ಫ್ರೆಂಚ್ ಮಾತಿನಲ್ಲೂ ತೆರೆಯುತ್ತಾರೆ. ಇಷ್ಟೊಂದು ಜನ ಬೇರೆ ಬೇರೆ ಕಡೆ ಒಂದೇ ರೀತಿ ಯೋಚಿಸಿದ್ದಾರೆ ಎಂದರೆ ಅದು ದಡ್ಡತನದ ತಪ್ಪಲ್ಲ. ವಿದ್ಯಾರ್ಥಿಗೆ ಈ ಮಾತನ್ನು ಹೇಳಿ. ಅವನ ಮುಖದಲ್ಲಿ ನಾಚಿಕೆ ಇಳಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪರೀಕ್ಷೆಯಲ್ಲಿ, ಕೆಲಸದ ಸಂದರ್ಶನದಲ್ಲಿ ‘ಟರ್ನ್ ಆನ್’ ಬೇಕು. ಅಷ್ಟನ್ನು ಹೇಳಿದರೆ ಸಾಕು.

ಕಾರು, ಮೀಟಿಂಗು, ಮಾತ್ರೆ: ಇವನ್ನೆಲ್ಲ ‘ಓಪನ್’ ಮಾಡುತ್ತಾರಲ್ಲ?

ಹೌದು, ಮೂರಕ್ಕೂ ಖಾಯ್ ಇದೆ. ಕಾರಿಗೆ ‘ಡ್ರೈವ್’ ಹೇಳಿಕೊಡಿ. ಇಂಗ್ಲಿಷಿನಲ್ಲಿ ಕಾರಿಗೆ ಡ್ರೈವ್, ಬೈಕಿಗೆ ರೈಡ್, ವಿಮಾನಕ್ಕೆ ಫ್ಲೈ. ಕನ್ನಡದಲ್ಲಿ ‘ಓಡಿಸು’ ಎಂದರೆ ಕಾರು, ಬೈಕು ಎರಡಕ್ಕೂ ನಡೆಯುತ್ತದೆ. ಮ್ಯಾಂಡರಿನ್‌ನಲ್ಲಿ ಒಳಗೆ ಕೂತು ಓಡಿಸುವುದಕ್ಕೆ ಖಾಯ್, ಕಾಲು ಆಚೆ ಈಚೆ ಹಾಕಿ ಕೂರುವ ಕುದುರೆ ಸೈಕಲ್ಲುಗಳಿಗೆ ‘ಛೀ’. ಹಾಗಾಗಿ ‘ರೈಡ್’ ಅವರಿಗೆ ತಾನಾಗಿ ಬರುತ್ತದೆ, ವಿಮಾನದಲ್ಲಿ ಎಡವುತ್ತಾರೆ.

ಮೀಟಿಂಗಿನಲ್ಲಿ ಜಾಸ್ತಿ ಎಚ್ಚರ ಬೇಕು. ‘ಖಾಯ್ ಹ್ವೇ’ ಎಂದರೆ ಮೀಟಿಂಗ್ ನಡೆಸು, ಅಥವಾ ಮೀಟಿಂಗಿನಲ್ಲಿ ಇರು. ವಿದ್ಯಾರ್ಥಿ ‘ಐ ಆ್ಯಮ್ ಓಪನಿಂಗ್ ಎ ಮೀಟಿಂಗ್’ ಎಂದು ಮೆಸೇಜ್ ಹಾಕುತ್ತಾನೆ. ಆಚೆಯವರಿಗೆ ಅವನೇ ಮೊದಲ ಮಾತಾಡಿ ಸಭೆ ಶುರು ಮಾಡುತ್ತಿದ್ದಾನೆ ಎಂದು ಕೇಳಿಸುತ್ತದೆ. ‘ಐ ಆ್ಯಮ್ ಇನ್ ಎ ಮೀಟಿಂಗ್’ ಕಲಿಸಿ. ಇನ್ನು ಡಾಕ್ಟರು ಮಾತ್ರೆ ಬರೆದುಕೊಡುವುದು ‘ಖಾಯ್ ಯಾವ್’. ಇಂಗ್ಲಿಷಿನಲ್ಲಿ ‘ಪ್ರಿಸ್ಕ್ರೈಬ್’.

‘ಓಪನ್ ವಾಟರ್’ ಎಂದರೆ ಬಿಸಿನೀರು ಎಂದುಕೊಂಡಿದ್ದಾಳೆ. ಇದು ಎಲ್ಲಿಂದ ಬಂತು?

‘ಖಾಯ್ ಶ್ವೇ’ ಎಂದರೆ ಕುದಿದ ನೀರು. ಪದಕ್ಕೆ ಪದ ತೆರೆದ ನೀರು. ಚೀನಾದಲ್ಲಿ ಕುದಿಸಿದ ನೀರನ್ನು ಬಿಸಿಬಿಸಿಯಾಗಿಯೇ ಕುಡಿಯುವ ರೂಢಿ ಇದೆ. ರೈಲಿನಲ್ಲೂ ಬಿಸಿನೀರಿನ ನಲ್ಲಿ ಇರುತ್ತದೆ. ಹಾಗಾಗಿ ಇದು ಅವಳ ದಿನದ ಮೊದಲ ಪದಗಳಲ್ಲಿ ಒಂದು. ಇಂಗ್ಲಿಷಿನ ‘ಓಪನ್ ವಾಟರ್’ ಬೇರೆ: ಸಮುದ್ರ, ಕೆರೆ, ನದಿಯಂಥ ಬಯಲು ನೀರು. ಈಜುಕೊಳದ ಹೊರಗೆ 10 ಕಿಲೋಮೀಟರ್ ಈಜುವ ಸ್ಪರ್ಧೆ ಒಲಿಂಪಿಕ್ಸಿಗೆ ಸೇರಿದ್ದು 2008ರಲ್ಲಿ, ಅದೂ ಬೀಜಿಂಗ್‌ನಲ್ಲಿ. ಈ ಉದಾಹರಣೆ ಕೊಟ್ಟರೆ ಮರೆಯುವುದಿಲ್ಲ.

‘ದ ಶಾಪ್ ಈಸ್ ಓಪನ್ಡ್’ ಎಂದು ಬರೆಯುತ್ತಾರೆ. ನಾನೂ ಹಾಗೇ ಬರೆಯುತ್ತಿದ್ದೆ ಅನ್ನಿಸುತ್ತದೆ!

ನಮ್ಮಲ್ಲೂ ತುಂಬಾ ಜನ ಬರೆಯುತ್ತಾರೆ. ಕಾರಣ ಇಂಗ್ಲಿಷೇ. ಅಲ್ಲಿ ಜೋಡಿ ಸರಿಯಾಗಿ ಹೊಂದುವುದಿಲ್ಲ. ಬಾಗಿಲು ಹಾಕಿದ್ದರೆ ‘ಕ್ಲೋಸ್ಡ್’, ತೆಗೆದಿದ್ದರೆ ಬರೀ ‘ಓಪನ್’. ಒಂದಕ್ಕೆ ಬಾಲ ಇದೆ, ಇನ್ನೊಂದಕ್ಕೆ ಇಲ್ಲ. ಆದ್ದರಿಂದ ಕಲಿಯುವವರು ‘ಕ್ಲೋಸ್ಡ್’ ನೋಡಿ ‘ಓಪನ್ಡ್’ ಮಾಡುತ್ತಾರೆ, ಇಲ್ಲವೇ ‘ಓಪನ್’ ನೋಡಿ ‘ದ ಶಾಪ್ ಈಸ್ ಕ್ಲೋಸ್’ ಮಾಡುತ್ತಾರೆ. ಎರಡನೆಯದು ಇನ್ನೂ ಗೊಂದಲ. ಕೊನೆಯಲ್ಲಿ ಸಕಾರದ ಸದ್ದು ಬಂದರೆ ಅಂಗಡಿ ಹತ್ತಿರದಲ್ಲಿದೆ ಎಂದು ಅರ್ಥ ಆಗುತ್ತದೆ.

ಸ್ಥಿತಿ ಹೇಳುವಾಗ ‘ಈಸ್ ಓಪನ್’. ನಡೆದ ಕೆಲಸ ಹೇಳುವಾಗ ‘ಓಪನ್ಡ್’: ಅಂಗಡಿ ಒಂಬತ್ತಕ್ಕೆ ತೆಗೆಯಿತು, ‘ಇಟ್ ಓಪನ್ಡ್ ಅಟ್ ನೈನ್’. ಮ್ಯಾಂಡರಿನ್‌ನಲ್ಲೂ ಈ ಭೇದ ಇದೆ. ತೆರೆದೇ ಇದೆ ಎನ್ನಲು ‘ಖಾಯ್ ಚ’, ತೆರೆಯಿತು ಎನ್ನಲು ‘ಖಾಯ್ ಲ’. ಅವರ ‘ಚ’, ‘ಲ’ ಹಿಡಿದುಕೊಂಡು ವಿವರಿಸಿದರೆ ಐದು ನಿಮಿಷದ ಪಾಠ.

‘ಶಿ ಈಸ್ ವೆರಿ ಓಪನ್’ ಎಂದೆ. ವಿದ್ಯಾರ್ಥಿನಿಗೆ ಮುಜುಗರವಾಯಿತು. ನಾನು ಏನು ತಪ್ಪು ಹೇಳಿದೆ?

ನೀವು ತಪ್ಪು ಹೇಳಲಿಲ್ಲ. ಇಂಗ್ಲಿಷಿನಲ್ಲಿ ಅದು ಒಳ್ಳೆಯ ಮಾತು: ಮನಸ್ಸು ಬಿಚ್ಚಿ ಮಾತಾಡುತ್ತಾಳೆ, ಮುಚ್ಚುಮರೆ ಇಲ್ಲ. ಅವಳು ಅದನ್ನು ‘ಖಾಯ್ ಫಾಂಗ್’ ಎಂದು ಅರ್ಥ ಮಾಡಿಕೊಂಡಿದ್ದಾಳೆ. ದೇಶದ ಬಗ್ಗೆ ಹೇಳುವಾಗ ಖಾಯ್ ಫಾಂಗ್ ದೊಡ್ಡ ಪದ. ಚೀನಾದಲ್ಲಿ 1978ರ ಡಿಸೆಂಬರಿನಲ್ಲಿ ಶುರುವಾದ ಆರ್ಥಿಕ ಸುಧಾರಣೆಯ ಹೆಸರಿನಲ್ಲೇ ಅದು ಇದೆ, ಸುಧಾರಣೆ ಮತ್ತು ತೆರೆಯುವಿಕೆ. 1984ರಲ್ಲಿ ಕರಾವಳಿಯ 14 ನಗರಗಳನ್ನು ಹೊರಗಿನ ವ್ಯಾಪಾರಕ್ಕೆ ತೆರೆದಾಗಲೂ ಇದೇ ಪದ. ಆದರೆ ಒಬ್ಬ ಹೆಣ್ಣುಮಗಳ ಬಗ್ಗೆ ಹೇಳಿದರೆ ಗಂಡು-ಹೆಣ್ಣಿನ ವಿಷಯದಲ್ಲಿ ಕಟ್ಟುಪಾಡು ಇಲ್ಲದವಳು ಎಂಬ ನೆರಳು ಬೀಳಬಹುದು. ‘ಓಪನ್-ಮೈಂಡೆಡ್’, ‘ಓಪನ್ ಅಬೌಟ್ ಹರ್ ವರ್ಕ್’ ಎಂದು ಜೊತೆಗೆ ಇನ್ನೊಂದು ಪದ ಸೇರಿಸಿ ಹೇಳಿದರೆ ತೊಂದರೆ ಇಲ್ಲ.

ಖಾಯ್ ಶಿನ್ ಎಂದರೆ ತೆರೆದ ಹೃದಯ. ಅದು ‘ಓಪನ್-ಹಾರ್ಟೆಡ್’ ತಾನೇ?

ಅಲ್ಲ. ಖಾಯ್ ಶಿನ್ ಎಂದರೆ ಖುಷಿ. ಹೃದಯ ಮುಚ್ಚು ಎಂಬಂತೆ ಕಾಣುವ ‘ಕ್ವಾನ್ ಶಿನ್’ ಎಂದರೆ ಯಾರನ್ನಾದರೂ ಕಾಳಜಿಯಿಂದ ನೋಡಿಕೊಳ್ಳುವುದು. ಕ್ವಾನ್‌ಗೆ ‘ಸಂಬಂಧ’ ಎಂಬ ಅರ್ಥವೂ ಇದೆ, ಅದಕ್ಕೇ ಹೀಗೆ. ತೈವಾನಿನಲ್ಲಿ ‘ಓಪನ್ ಹಾರ್ಟ್’ ಶಸ್ತ್ರಚಿಕಿತ್ಸೆಗೂ ಖಾಯ್ ಶಿನ್ ಎಂದೇ ಬರೆಯುತ್ತಾರೆ. ಅಲ್ಲಿ ಅದು ಅಕ್ಷರಶಃ ಹೃದಯ ತೆರೆಯುವುದು.

ಫ್ರೆಂಚ್ ಓಪನ್, ಓಪನ್ ಲೆಟರ್, ಓಪನ್ ಸೀಕ್ರೆಟ್: ಇವುಗಳಲ್ಲಿ ಏನು ತೆರೆದಿದೆ?

ಇಲ್ಲಿ ‘ಓಪನ್’ ಎಂದರೆ ಎಲ್ಲರಿಗೂ ಪ್ರವೇಶ ಇದೆ ಎಂದು. ಟೆನಿಸ್‌ನಲ್ಲಿ ಹಣಕ್ಕೆ ಆಡುವವರನ್ನು ದೊಡ್ಡ ಪಂದ್ಯಾವಳಿಗಳಿಗೆ ಸೇರಿಸುತ್ತಿರಲಿಲ್ಲ. 1968ರಲ್ಲಿ ಬಾಗಿಲು ತೆಗೆದರು. ಮ್ಯಾಂಡರಿನ್‌ನಲ್ಲಿ ಈ ಅರ್ಥಕ್ಕೆ ‘ಕುಂಗ್ ಖಾಯ್’ ಸರಿಯಾಗಿ ಹೊಂದುತ್ತದೆ. ಬಹಿರಂಗ ಪತ್ರ, ಎಲ್ಲರಿಗೂ ಗೊತ್ತಿರುವ ಗುಟ್ಟು, ಎರಡಕ್ಕೂ ಅವರಲ್ಲಿ ಅದೇ ಪದ. ಹಾಗಾಗಿ ಇವು ಸುಲಭ. ಫ್ರೆಂಚ್ ಓಪನ್‌ಗೆ ಮಾತ್ರ ಅವರು ಮಾತಿನಲ್ಲಿ ಚಿಕ್ಕದಾಗಿ ‘ಫಾ ವಾಂಗ್’, ಫ್ರೆಂಚ್ ಬಲೆ ಎನ್ನುತ್ತಾರೆ, ಟೆನಿಸ್‌ಗೆ ಅವರು ಬಲೆಚೆಂಡು ಎನ್ನುವುದರಿಂದ. 2011ರಲ್ಲಿ ಚೀನಾದ ಆಟಗಾರ್ತಿ ಲೀ ನಾ ಅದನ್ನು ಗೆದ್ದರು. ಅವರ ಹೆಸರು ಎತ್ತಿದರೆ ಸಾಕು, ತರಗತಿ ಎಚ್ಚರವಾಗುತ್ತದೆ.

ಪರೀಕ್ಷೆಗೆ ಪುಸ್ತಕ ತೆರೆದಿಟ್ಟು ಬರೆಯುವ ‘ಓಪನ್ ಬುಕ್’, ಸಾಫ್ಟ್‌ವೇರಿನ ‘ಓಪನ್ ಸೋರ್ಸ್’ ಕೂಡ ಖಾಯ್ ಜೊತೆ ಹಾಗೆಯೇ ಕೂರುತ್ತವೆ. ಬೆಂಗಳೂರಿನಲ್ಲಿ ಚೀನೀ ಸಹೋದ್ಯೋಗಿಗಳ ಜೊತೆ ಕೋಡ್ ಬರೆಯುವವರು ‘ಖಾಯ್ ಯ್ವೆನ್’ ಪದ ಕೇಳಿರಬಹುದು.

ಖಾಯ್ ಬರದೇ ಇರುವ ಕಡೆ ಏನು ಮಾಡುವುದು?

ಇವನ್ನು ಕಲಿಯಲು ನಿಜವಾಗಿ ಸಮಯ ಬೇಕು. ‘ಓಪನ್ ಏರ್’ ಅವರಿಗೆ ‘ಲೂ ಥ್ಯೆನ್’, ಆಕಾಶಕ್ಕೆ ಒಡ್ಡಿದ್ದು. ‘ಓಪನ್ ಕ್ವೆಶ್ಚನ್’ ಎಂದರೆ ಇನ್ನೂ ತೀರ್ಮಾನವಾಗದ ಪ್ರಶ್ನೆ. ‘ಐ ಆ್ಯಮ್ ಓಪನ್ ಟು ಇಟ್’ ಎಂದರೆ ಒಪ್ಪಬಹುದು, ಹೇಳಿ ಕೇಳೋಣ. ಕೊನೆಯದನ್ನು ವಿದ್ಯಾರ್ಥಿಗಳು ‘ಒಪ್ಪಿದೆ’ ಎಂದುಕೊಂಡು ಬಿಡುತ್ತಾರೆ. ಸಂಬಳದ ಮಾತುಕತೆಯಲ್ಲಿ ಇದು ದುಬಾರಿ ತಪ್ಪು. ‘ಓಪನಿಂಗ್’ ಕೂಡ ಹಾಗೇ. ಸಮಾರಂಭದ ಉದ್ಘಾಟನೆ ಗೊತ್ತಿರುತ್ತದೆ, ಖಾಲಿ ಇರುವ ಕೆಲಸ ಎಂಬ ಅರ್ಥ ಗೊತ್ತಿರುವುದಿಲ್ಲ.

ಹಾಂಗ್‌ಕಾಂಗ್ ಅಥವಾ ತೈವಾನಿನವರಿಗೂ ಇದೇ ಪಾಠ ಸಾಕಾ?

ಲೈಟಿನ ಪಾಠ ಸಾಕು. ಹಾಂಗ್‌ಕಾಂಗ್‌ನವರ ಮಾತಾದ ಕ್ಯಾಂಟನೀಸ್‌ನಲ್ಲೂ ‘ಹೊಯ್ ತಂಗ್’, ದೀಪ ತೆರೆ ಎಂದೇ. ಆದರೆ ಕಾರು ಓಡಿಸುವುದಕ್ಕೆ ಕ್ಯಾಂಟನೀಸ್ ಮಾತಾಡುವವರು ಸಾಮಾನ್ಯವಾಗಿ ಬೇರೆ ಪದ ಬಳಸುತ್ತಾರೆ, ಕೈಯಲ್ಲಿ ಹಿಡಿ ಎಂಬ ಅರ್ಥದ್ದು. ತೈವಾನಿನ ಹೊಕ್ಕಿಯೆನ್ ಮಾತಿನಲ್ಲೂ ಓಡಿಸಲು ಬೇರೆ ಪದ ಇದೆ. ಮನೆಯಲ್ಲಿ ಯಾವ ಮಾತು ಎಂದು ಮೊದಲ ದಿನವೇ ಕೇಳಿಕೊಳ್ಳಿ.

ಶಾಲೆಯಲ್ಲಿ ಅಷ್ಟು ವರ್ಷ ಕಲಿತೂ ಈ ತೊಂದರೆ ಯಾಕೆ? ನಾನು ಹೇಗೆ ಶುರು ಮಾಡಲಿ?

ಚೀನಾದಲ್ಲಿ 2001ರ ನೀತಿಯ ನಂತರ ಮೂರನೇ ತರಗತಿಯಿಂದ ಇಂಗ್ಲಿಷ್ ಇದೆ. ಕಾಲೇಜು ಪ್ರವೇಶದ ‘ಕಾವ್ ಖಾವ್’ ಪರೀಕ್ಷೆಯಲ್ಲಿ ಹೆಚ್ಚಿನ ಕಡೆ ಒಟ್ಟು 750 ಅಂಕ, ಅದರಲ್ಲಿ 150 ಇಂಗ್ಲಿಷಿಗೆ. ಆ ಒತ್ತಡದಲ್ಲಿ ಮಕ್ಕಳು ಪದಪಟ್ಟಿ ಉರು ಹೊಡೆಯುತ್ತಾರೆ. ಎಡಗಡೆ ‘ಓಪನ್’, ಬಲಗಡೆ ಖಾಯ್. ಅಷ್ಟೇ. ಸಾವಿರಾರು ಪದ ಗೊತ್ತಿರುವ ಹುಡುಗ ಲೈಟ್ ಹಾಕು ಎನ್ನಲು ತಡವರಿಸುವುದು ಅದಕ್ಕೇ. ಅವರ ಶ್ರಮ ನೋಡಿದರೆ ನನಗೆ ಬೇಜಾರಾಗುತ್ತದೆ. ಆ ಪಟ್ಟಿ ಬಿಡಿ ಪದಗಳ ಬದಲು ಇಡೀ ತುಂಡುಗಳ ಪಟ್ಟಿ ಆಗಿದ್ದರೆ ಎಷ್ಟು ಚೆನ್ನಾಗಿತ್ತು: ‘ಓಪನ್ ದ ಡೋರ್’ ಒಂದು ಸಾಲು, ‘ಟರ್ನ್ ಆನ್ ದ ಟ್ಯಾಪ್’ ಇನ್ನೊಂದು ಸಾಲು.

ನಾನು ಮಾಡುವುದು ಇಷ್ಟು. ಮೊದಲ ಪಾಠದಲ್ಲಿ ಫೋನ್ ಹಿಡಿದುಕೊಂಡು ಮನೆಯೆಲ್ಲ ಓಡಾಡಿ ಎನ್ನುತ್ತೇನೆ. ಬಾಗಿಲು, ಫ್ರಿಜ್, ಒಲೆ, ನಲ್ಲಿ, ಕಿಟಕಿ, ಟಿವಿ. ಪ್ರತಿಯೊಂದರ ಮುಂದೆ ನಿಂತು, ಮುಟ್ಟಿ, ಕೆಲಸ ಮಾಡುತ್ತಾ ಇಂಗ್ಲಿಷಿನಲ್ಲಿ ಹೇಳಬೇಕು. ಮರುದಿನ ಅದೇ ಸುತ್ತು, ಈ ಸಲ ಮುಚ್ಚುವ ಮಾತು. ಫ್ರಿಜ್ ಮುಂದೆ ಎಲ್ಲರೂ ಒಂದು ಕ್ಷಣ ನಿಲ್ಲುತ್ತಾರೆ. ಅದನ್ನು ‘ಓಪನ್’ ಮಾಡಿದರೆ ಬಾಗಿಲು ತೆಗೆದಂತೆ, ‘ಟರ್ನ್ ಆನ್’ ಮಾಡಿದರೆ ಕರೆಂಟು ಕೊಟ್ಟಂತೆ, ಎರಡೂ ಸರಿ. ಅಲ್ಲಿ ನಾನು ಏನೂ ಹೇಳುವುದಿಲ್ಲ. ಅವರೇ ಬಾಗಿಲು ತೆಗೆದು, ಹಾಕಿ, ಹಿಂದಿನ ಪ್ಲಗ್ ನೋಡಿ, ಆಮೇಲೆ ಹೇಳುತ್ತಾರೆ.